ಮೊದಲ ಸೂಜಿ ರೋಗಿಗೆ ಬೇಡ

ಪ್ರಶ್ನೆ: ನಾನು ಅರಿವಳಿಕೆ ವಿಭಾಗದ ಎರಡನೇ ವರ್ಷದ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿ. ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಕಲಿಯುವ ಜಿಲ್ಲಾ ರೆಸಿಡೆನ್ಸಿಗೆ ಅಂತ ಮೂರು ತಿಂಗಳು ಕೊಡಗಿಗೆ ಬಂದಿದ್ದೇನೆ. ಮೊನ್ನೆ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಮುಂಗೈ ಮುರಿದುಕೊಂಡ ಹೆಂಗಸೊಬ್ಬರಿಗೆ ಕುತ್ತಿಗೆಯ ಬುಡದಲ್ಲಿ ಬ್ಲಾಕ್ ಕೊಡಲು, ಅಂದರೆ ನರಗಳ ಪಕ್ಕ ಮದ್ದು ಬಿಟ್ಟು ಕೈಯಷ್ಟೇ ಮರಗಟ್ಟಿಸಲು ಹೋದೆ. ಸೂಜಿ ಹಾಕಿದ ಮೇಲೆ ಅಲ್ಟ್ರಾಸೌಂಡ್ ಪರದೆಯಲ್ಲಿ ಅದರ ತುದಿ ಕಾಣಲೇ ಇಲ್ಲ. ಕೈ ನಡುಗಿತು. ಸೀನಿಯರ್ ಸೂಜಿ ತೆಗೆದುಕೊಂಡು ಎರಡು ನಿಮಿಷದಲ್ಲಿ ಮುಗಿಸಿದರು. ಆ ಹೆಂಗಸು ನನ್ನ ಮುಖ ನೋಡಿದ್ದು ಮರೆಯೋಕೆ ಆಗ್ತಿಲ್ಲ. ದೊಡ್ಡ ಊರುಗಳಲ್ಲಿ ಇದನ್ನೆಲ್ಲ ಸಿಮ್ಯುಲೇಷನ್ ಲ್ಯಾಬ್‌ನಲ್ಲಿ, ಬೊಂಬೆಗಳ ಮೇಲೆ ಕಲಿಸುತ್ತಾರಂತೆ. ಅದಿಲ್ಲದ ಕಡೆ ಅಭ್ಯಾಸ ಮಾಡೋದು ಹೇಗೆ? ರೋಗಿಯ ಮೇಲೆ ಕಲಿಯೋದು ತಪ್ಪಲ್ವಾ?

ಉತ್ತರ: ರೋಗಿಯ ಹತ್ತಿರ ಕಲಿಯೋದು ತಪ್ಪಲ್ಲ. ಅವರಿಂದ ಕಲಿಯದೆ ಯಾರೂ ಡಾಕ್ಟರ್ ಆಗಿಲ್ಲ. ಆದರೆ ಜೀವನದ ಮೊದಲ ಸೂಜಿಯನ್ನೇ ರೋಗಿಗೆ ಚುಚ್ಚಿ ಕಲಿಯೋದು ತಪ್ಪು. ಆ ತಪ್ಪು ನಿಮ್ಮದಲ್ಲ. ಕಲಿಸುವ ನಮ್ಮದು.

ನಾನು ಕಲಿತದ್ದೂ ಹಾಗೇ. ಎರಡು ಸ್ಪೈನಲ್ (ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸೋದು) ನೋಡಿದ್ದೆ, ಮೂರನೆಯದಕ್ಕೆ ಸೂಜಿ ಕೈಗೆ ಕೊಟ್ಟರು. ಬೆನ್ನು ಬಗ್ಗಿಸಿ ಕೂತಿದ್ದ ಅಜ್ಜನಿಗೆ ಐದು ಸಲ ಚುಚ್ಚಿದೆ. ಅವರು ಒಂದು ಮಾತೂ ಆಡಲಿಲ್ಲ. ಆರನೆಯದಕ್ಕೆ ಬೆನ್ನಿನ ನೀರು ಬಂತು, ಅಂದರೆ ಸೂಜಿ ಸರಿಯಾದ ಜಾಗಕ್ಕೆ ಹೋಯಿತು. ಆ ಅಜ್ಜ ವಾರ್ಡಿಗೆ ಹೋಗುವಾಗ ನನಗೇ ಕೈಮುಗಿದರು. ಇಪ್ಪತ್ತು ವರ್ಷದ ಮೇಲಾಯಿತು, ಆ ಕೈ ಇನ್ನೂ ಕಣ್ಣ ಮುಂದಿದೆ. ಹಾಗಾಗಿ ನಿಮ್ಮ ಸಂಕಟ ಏನು ಅಂತ ನನಗೆ ಗೊತ್ತು. ಅದು ಒಳ್ಳೆಯ ಸಂಕಟ. ಅದನ್ನು ಕಳೆದುಕೊಳ್ಳಬೇಡಿ.

ಈಗ ಆ ದಿನ ಏನಾಯಿತು ಅಂತ ನೋಡೋಣ. ಕೈ ನಡುಗಿದ್ದಕ್ಕೆ ಸೂಜಿ ಕಾಣಲಿಲ್ಲ ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಲೆಕ್ಕದಲ್ಲಿ ಅದು ಉಲ್ಟಾ. ಸೂಜಿ ಕಾಣದೆ ಹೋದದ್ದಕ್ಕೆ ಕೈ ನಡುಗಿತು. ಮೈಮೇಲೆ ಇಟ್ಟು ನೋಡುವ ಅಲ್ಟ್ರಾಸೌಂಡ್ ಪ್ರೋಬ್‌ನಿಂದ ಹೊರಡುವ ಅಲೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಹಾಳೆ ಇದ್ದ ಹಾಗೆ. ಸೂಜಿ ಆ ಹಾಳೆಯ ಒಳಗೇ ಸಾಗಬೇಕು. ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಪರದೆಯಿಂದ ಮಾಯ. ಬಲಗೈಯಲ್ಲಿ ಸೂಜಿ, ಎಡಗೈಯಲ್ಲಿ ಪ್ರೋಬ್, ಕಣ್ಣು ಇವೆರಡನ್ನೂ ಬಿಟ್ಟು ಪರದೆಯ ಮೇಲೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇಟ್ಟು ಕೆಲಸ ಮಾಡೋದು ಯಾರಿಗೂ ಹುಟ್ಟಿನಿಂದ ಬರಲ್ಲ. ಹೊಸಬರು ಎಲ್ಲಿ ಎಡವುತ್ತಾರೆ ಅಂತ ವಿಡಿಯೊ ಮಾಡಿ ಲೆಕ್ಕ ಹಾಕಿದವರಿದ್ದಾರೆ. ಮತ್ತೆ ಮತ್ತೆ ಸಿಕ್ಕಿದ್ದು ಎರಡೇ ತಪ್ಪು. ಸೂಜಿ ಕಾಣದೆ ಇದ್ದರೂ ಮುಂದಕ್ಕೆ ತಳ್ಳೋದು. ಗೊತ್ತಿಲ್ಲದ ಹಾಗೆ ಪ್ರೋಬ್ ಸರಿಸೋದು. ಈ ಎರಡನ್ನೂ ಮಾಂಸದ ತುಂಡಿನ ಮೇಲೆ ತಿದ್ದಿಕೊಳ್ಳಬಹುದು. ರೋಗಿ ಬೇಕಾಗಿಲ್ಲ, ಲಕ್ಷಗಟ್ಟಲೆ ಬೆಲೆಯ ಬೊಂಬೆಯೂ ಬೇಕಾಗಿಲ್ಲ.

ಮಾಂಸದ ತುಂಡು ಅಂದೆ. ಈ ವಿಷಯದಲ್ಲಿ ಕೊಡಗಿನಲ್ಲಿರುವ ನಿಮಗೆ ಕೊರತೆ ಇಲ್ಲ. ಪ್ರಪಂಚದ ಎಷ್ಟೋ ಕಡೆ ಬ್ಲಾಕ್ ಕಲಿಸುವವರು ಹಂದಿ ಮಾಂಸವನ್ನೇ ಬಳಸುತ್ತಾರೆ. ಅದರ ಪದರಗಳು ಪರದೆಯಲ್ಲಿ ಮನುಷ್ಯರ ಮಾಂಸಖಂಡದ ಹಾಗೆಯೇ ಕಾಣುತ್ತವೆ. ಗೋಣಿಕೊಪ್ಪದಲ್ಲೋ ಮಡಿಕೇರಿಯಲ್ಲೋ ಅಂಗಡಿಗೆ ಹೋಗಿ ಭುಜದ ಕಡೆಯ ಒಂದೂವರೆ ಕೆಜಿ ಮಾಂಸ ಇಡೀ ತುಂಡಾಗಿ ಕೇಳಿ. ಪಂದಿ ಕರಿಗೆ ಅಂದುಕೊಂಡು ಕತ್ತರಿಸಲು ಹೊರಡುತ್ತಾರೆ, ಮೊದಲೇ ಬೇಡ ಅನ್ನಿ. ಚರ್ಮ ತೆಗೆಸಿ, ಕೊಬ್ಬು ಕಡಿಮೆ ಇರಲಿ. ಜೊತೆಗೆ ಕಾಲಿನ ಭಾಗದಿಂದ ಒಂದು ‘ನರ’ ಕೊಡಿ ಅಂತ ಕೇಳಿ. ಮಾಂಸದ ಅಂಗಡಿಯಲ್ಲಿ ನರ ಅನ್ನೋದು ನಮ್ಮ ಪುಸ್ತಕದ ನರ ಅಲ್ಲ, ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಬಿಳಿ ಹುರಿ, ಟೆಂಡನ್. ಆದರೆ ಅಲ್ಟ್ರಾಸೌಂಡ್‌ನಲ್ಲಿ ಅಡ್ಡಕ್ಕೆ ನೋಡಿದರೆ ಅದು ನಿಜವಾದ ನರಕ್ಕೆ ತುಂಬಾ ಹತ್ತಿರ. ಒಳಗೆಲ್ಲ ಎಳೆ ಎಳೆ.

ಮಾಂಸದ ಎರಡು ಪದರಗಳ ನಡುವೆ ಬೆರಳು ತೂರಿಸಿ ದಾರಿ ಮಾಡಿ, ಟೆಂಡನ್ ಅದರೊಳಗೆ ಎಳೆದು ಮಲಗಿಸಿ. ಇದನ್ನು ನೀರಿನಲ್ಲಿ ಮುಳುಗಿಸಿಯೇ ಮಾಡಿ. ಹೊರಗೆ ಮಾಡಿದರೆ ಒಳಗೆ ಗಾಳಿ ಸೇರುತ್ತದೆ. ಗಾಳಿ ಸೇರಿದರೆ ಪರದೆಯಲ್ಲಿ ಬಿಳಿ ಗೆರೆ, ಅದರ ಕೆಳಗೆ ಬರೀ ನೆರಳು, ಮುಗಿಯಿತು ಕಥೆ. ಬಟ್ಟೆಯಲ್ಲಿ ಒತ್ತಿ ಒರೆಸಿ, ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಜೆಲ್ ಹಾಕಿ. ಪ್ರೋಬ್‌ಗೂ ಕವರ್ ಇರಲಿ. 22 ಗೇಜಿನ ಸ್ಪೈನಲ್ ಸೂಜಿ ಸಾಕು. ಸಿರಿಂಜ್‌ನಲ್ಲಿ ಸಲೈನ್. ತುದಿ ಟೆಂಡನ್ ಪಕ್ಕಕ್ಕೆ ಬಂದಾಗ ಒಂದು ಎಂಎಲ್ ಬಿಡಿ. ಕಪ್ಪು ನೀರು ಪದರ ಬಿಡಿಸುತ್ತಾ ಹುರಿಯ ಸುತ್ತ ಹರಡೋದು ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದ ಪಿಜಿಗಳ ಮುಖ ಅರಳೋದನ್ನು ಎಷ್ಟೋ ಸಲ ನೋಡಿದ್ದೇನೆ. ಕೆಲಸ ಮುಗಿದ ಮೇಲೆ ಆ ಮಾಂಸ ಅಡುಗೆಗೆ ಹೋಗಬಾರದು. ಆಸ್ಪತ್ರೆಯ ತ್ಯಾಜ್ಯದ ಜೊತೆ ಕಳಿಸಿ, ಸೂಜಿಗಳನ್ನು ಸೂಜಿ ಡಬ್ಬಕ್ಕೆ ಹಾಕಿ.

ಹಂದಿ ಮುಟ್ಟದವರು, ಮಾಂಸವನ್ನೇ ಮುಟ್ಟದವರು ನಿಮ್ಮ ಜೊತೆಯಲ್ಲಿರುತ್ತಾರೆ. ಅವರನ್ನು ಹೊರಗಿಟ್ಟು ಕಲಿಯೋದು ಬೇಡ. ಬಿಸಿ ನೀರಿನಲ್ಲಿ ಚೀನಾ ಗ್ರಾಸ್ ಗಟ್ಟಿಯಾಗಿ ಕರಗಿಸಿ, ಒಂದೆರಡು ಚಮಚ ಇಸಬ್ಗೋಲ್ ಕಲಸಿ, ಡಬ್ಬಿಗೆ ಹೊಯ್ದು ಫ್ರಿಜ್‌ನಲ್ಲಿಡಿ. ಇಸಬ್ಗೋಲ್ ಇಲ್ಲದಿದ್ದರೆ ಚಿತ್ರ ಕಪ್ಪಗೆ ಬರುತ್ತದೆ. ಅದು ಸೇರಿದರೆ ಮಾಂಸದ ಹಾಗೆ ಬೂದು ಬಣ್ಣ ಬರುತ್ತದೆ. ಅರ್ಧ ಹೊಯ್ದು ಗಟ್ಟಿಯಾದ ಮೇಲೆ ನೀರು ತುಂಬಿ ಗಂಟು ಹಾಕಿದ ಗ್ಲೌಸಿನ ಬೆರಳೊಂದನ್ನು ಇಟ್ಟು, ಉಳಿದದ್ದು ಹೊಯ್ಯಿರಿ. ಅದೇ ನಿಮ್ಮ ರಕ್ತನಾಳ. ಪರದೆಯಲ್ಲಿ ದುಂಡಗೆ ಕಪ್ಪಗೆ ಕಾಣುತ್ತದೆ. ಅದಕ್ಕೆ ಸೂಜಿ ತಾಗದ ಹಾಗೆ ಪಕ್ಕದಲ್ಲಿ ನಿಲ್ಲಿಸೋದನ್ನು ಕಲಿಯಿರಿ. ಎಪಿಡ್ಯೂರಲ್‌ಗೆ (ಬೆನ್ನುಹುರಿಯ ಹೊದಿಕೆಯ ಹೊರಗಡೆ ಮದ್ದು ಬಿಡೋದು) ಇನ್ನೂ ಸುಲಭ. ಬಾಳೆಹಣ್ಣು ಸಾಕು. ಸಿರಿಂಜ್ ಒತ್ತಡ ತಟ್ಟನೆ ಸಡಿಲವಾಗುವ ಆ ಅನುಭವ ಯಾವ ಹಣ್ಣಿನಲ್ಲಿ ಚೆನ್ನಾಗಿ ಸಿಗುತ್ತದೆ ಅಂತ ಅನುಭವಸ್ಥ ಡಾಕ್ಟರುಗಳ ಕೈಯಲ್ಲಿ ಹೋಲಿಸಿ ನೋಡಿದ ಅಧ್ಯಯನವೇ ಇದೆ. ಗೆದ್ದದ್ದು ಬಾಳೆ.

ಒಂದು ಎಚ್ಚರಿಕೆ. ಈ ಅಭ್ಯಾಸಕ್ಕೆ ಅಂತ ಆನ್‌ಲೈನ್‌ನಲ್ಲಿ ಸಣ್ಣ ಅಲ್ಟ್ರಾಸೌಂಡ್ ತರಿಸಬೇಡಿ. ಆಸ್ಪತ್ರೆಯ ಯಂತ್ರವನ್ನು ಹಾಸ್ಟೆಲ್‌ಗೆ ಒಯ್ಯಲೂ ಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ನಮ್ಮ ಯಂತ್ರಗಳಿಗೂ ಅನ್ವಯ. ಅರಿವಳಿಕೆಗೆ ಬಳಸೋದು ಅಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ನೋಂದಣಿ ಆದ ಯಂತ್ರ, ನೋಂದಣಿ ಆದ ಜಾಗ, ವಿಭಾಗದ ಮುಖ್ಯಸ್ಥರ ಒಪ್ಪಿಗೆ, ಇವು ಮೂರೂ ಇದ್ದರೆ ಮಾತ್ರ ಕೂತುಕೊಳ್ಳಿ. ಮಧ್ಯಾಹ್ನ ಕೇಸುಗಳು ಮುಗಿದ ಮೇಲೆ ಒಂದು ಗಂಟೆ ಯಂತ್ರ ಖಾಲಿ ಇರುತ್ತದೆ ಅಲ್ವಾ, ಅದನ್ನು ಕೇಳಿಕೊಳ್ಳಿ.

ಕೂತ ಮೇಲೆ ಏನು ಮಾಡಬೇಕು? ಮೊದಲು ಪರದೆಯನ್ನು ನಿಮ್ಮ ಮೂಗಿನ ನೇರಕ್ಕೆ, ಮಾಂಸದ ಆಚೆ ಬದಿಗೆ ಇಡಿ. ತಲೆ ತಿರುಗಿಸಿ ನೋಡುವ ಹಾಗಿದ್ದರೆ ಅರ್ಧ ಕೆಲಸ ಅಲ್ಲೇ ಕೆಡುತ್ತದೆ. ಟೇಬಲ್ ಎತ್ತರ ಮೊಣಕೈ ಮಟ್ಟಕ್ಕೆ. ಪ್ರೋಬ್ ಹಿಡಿದ ಕೈಯ ಕಿರುಬೆರಳು, ಅಂಗೈಯ ಅಂಚು ಎರಡೂ ಮಾಂಸದ ಮೇಲೆ ಊರಿರಲಿ. ಗಾಳಿಯಲ್ಲಿ ಹಿಡಿದ ಪ್ರೋಬ್ ಜಾರಿಯೇ ಜಾರುತ್ತದೆ. ಸೂಜಿ ಆದಷ್ಟು ಮಲಗಿಸಿ ಹಾಕಿ. ಕಡಿದಾಗಿ ಇಳಿಸಿದರೆ ಅಲೆ ಬೇರೆ ಕಡೆಗೆ ಪುಟಿದು ಹೋಗುತ್ತದೆ, ಸೂಜಿ ಮಸುಕಾಗುತ್ತದೆ. ಇನ್ನು ತುದಿ ಮಾಯವಾದಾಗ ಒಂದೇ ನಿಯಮ. ಸೂಜಿ ಹಿಡಿದ ಕೈ ನಿಲ್ಲಬೇಕು. ಪೂರ್ತಿ ನಿಲ್ಲಬೇಕು. ಆಮೇಲೆ ಪ್ರೋಬ್ ಒಂದನ್ನೇ ನಿಧಾನ ಸರಿಸಿ, ವಾಲಿಸಿ, ತಿರುಗಿಸಿ ಸೂಜಿಯನ್ನು ಹುಡುಕಿ. ಎರಡೂ ಕೈ ಒಟ್ಟಿಗೆ ಅಲ್ಲಾಡಿದರೆ ದಟ್ಟ ಮಂಜಿನಲ್ಲಿ ಇಬ್ಬರು ಒಬ್ಬರನ್ನೊಬ್ಬರು ಹುಡುಕಿದ ಹಾಗೆ. ಒಬ್ಬರು ನಿಂತರೆ ತಾನೆ ಇನ್ನೊಬ್ಬರಿಗೆ ಸಿಗೋದು?

ಎಷ್ಟು ಸಲ ಮಾಡಬೇಕು ಅಂತ ಕೇಳುತ್ತೀರಿ. ಆಸ್ಟ್ರೇಲಿಯಾದಲ್ಲಿ ಶವಗಳ ಮೇಲೆ ಹೊಸಬರಿಂದ ಬ್ಲಾಕ್ ಮಾಡಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೂಜಿಯನ್ನು ಪರದೆಯಲ್ಲಿ ಕಾಣುವ ಹಾಗೇ ಇಟ್ಟುಕೊಳ್ಳುವ ಹಂತಕ್ಕೆ ಬರಲು ಸರಾಸರಿ 28 ಸಲ ಬೇಕಾಯಿತು. ಅದೂ ಪ್ರತಿ ಸಲ ಪಕ್ಕದಲ್ಲಿ ಒಬ್ಬರು ನಿಂತು ತಿದ್ದುತ್ತಿದ್ದಾಗ. ಕೆಲವರು ಬೇಗ ಕಲಿತರು, ಕೆಲವರಿಗೆ ಜಾಸ್ತಿ ಬೇಕಾಯಿತು. ಹಾಗಾದರೆ ಯೋಚಿಸಿ, ಆ 28 ಸಲ ಎಲ್ಲಿ ಆಗಬೇಕು? ಏಣಿಯಿಂದ ಬಿದ್ದು ನೋವಿನಲ್ಲಿರುವವರ ಕುತ್ತಿಗೆಯ ಬುಡದಲ್ಲೋ, ಟ್ರೇಯಲ್ಲಿರುವ ಮಾಂಸದಲ್ಲೋ?

ಒಂದೇ ದಿನ ಮೂವತ್ತು ಸಲ ಚುಚ್ಚಿ ಮುಗಿಸಬೇಡಿ. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ ಇರಲಿ. ಪಕ್ಕದಲ್ಲಿ ಒಬ್ಬರು ನೋಡುತ್ತಿರಬೇಕು. ಸೀನಿಯರ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಜೊತೆಯ ಪಿಜಿ. ಅವರ ಕೆಲಸ ಒಂದೇ, ಸೂಜಿ ಕಾಣದೆ ಮುಂದೆ ಹೋದಾಗಲೆಲ್ಲ ‘ನಿಲ್ಲಿ’ ಅನ್ನೋದು, ಎಷ್ಟು ಸಲ ಅಂದೆ ಅಂತ ಚೀಟಿಯಲ್ಲಿ ಬರೆಯೋದು. ನಮ್ಮ ಹಾಕಿ ಹುಡುಗರು ಖಾಲಿ ಮೈದಾನದಲ್ಲಿ ಅದೇ ಜಾಗದಿಂದ ಅದೇ ಗೋಲಿಗೆ ಸಂಜೆಯೆಲ್ಲ ಹೊಡೆಯೋದು ನೋಡಿದ್ದೀರಲ್ಲ. ಬದಿಯಲ್ಲಿ ಕೋಚ್ ಇದ್ದ ಹುಡುಗ ಬೇಗ ಸುಧಾರಿಸುತ್ತಾನೆ. ತಿದ್ದುವವರಿಲ್ಲದೆ ಸುಮ್ನೆ ಹೊಡೆದರೆ ತಪ್ಪೇ ಗಟ್ಟಿಯಾಗುತ್ತದೆ. ನನ್ನನ್ನು ಕೇಳಿದರೆ ಆಸ್ಪತ್ರೆಗಳು ಬೊಂಬೆಗೆ ಸುರಿಯುವ ದುಡ್ಡಿಗಿಂತ, ಕಲಿಸುವವರಿಗೆ ವಾರಕ್ಕೆ ಎರಡು ಗಂಟೆ ಬಿಡುವು ಕೊಡೋದು ಹೆಚ್ಚು ಮುಖ್ಯ.

ಮಾಂಸದಲ್ಲಿ ಸಿಗದ ಒಂದು ಪಾಠವನ್ನು ಒಬ್ಬರಿಂದೊಬ್ಬರು ಕಲಿಯಬೇಕು. ಸೂಜಿ ಇಲ್ಲದೆ, ಒಪ್ಪಿಗೆ ಕೇಳಿ, ಜೊತೆಯವರ ಕಾಲರ್ ಮೂಳೆಯ ಮೇಲೆ ಪ್ರೋಬ್ ಇಡಿ. ದುಂಡಗೆ ಕಪ್ಪಗೆ ಬಡಿಯುತ್ತಿರೋದು ರಕ್ತನಾಳ. ಅದಕ್ಕೆ ಆತುಕೊಂಡು ಮೆಣಸಿನ ಗೊಂಚಲಿನ ಹಾಗೆ ಇರೋದು ಕೈಯ ನರಗಳು. ಕೆಳಗೆ ಗಟ್ಟಿ ಬಿಳಿ ಗೆರೆ, ಅದರ ಹಿಂದೆ ಕತ್ತಲು ಇದ್ದರೆ ಮೊದಲ ಪಕ್ಕೆಲುಬು. ಅದರ ಪಕ್ಕದಲ್ಲಿ ಇನ್ನೊಂದು ಬಿಳಿ ಗೆರೆ ಮಿನುಗುತ್ತಾ, ಉಸಿರಿನ ಜೊತೆ ಜಾರಾಡುತ್ತದೆ. ಅದು ಶ್ವಾಸಕೋಶದ ಹೊದಿಕೆ. ಆ ಎರಡು ಗೆರೆಗಳ ವ್ಯತ್ಯಾಸ ನಿದ್ದೆಗಣ್ಣಲ್ಲೂ ಗೊತ್ತಾಗಬೇಕು. ಪಕ್ಕೆಲುಬಿಗೆ ಸೂಜಿ ತಾಗಿದರೆ ಅಲ್ಲಿಗೇ ನಿಲ್ಲುತ್ತದೆ. ಹೊದಿಕೆಗೆ ಚುಚ್ಚಿದರೆ ಎದೆಯೊಳಗೆ ಗಾಳಿ ಸೇರಬಹುದು. ತೆಳ್ಳಗಿನವರು, ದಪ್ಪಗಿನವರು, ವಯಸ್ಸಾದವರು, ಹತ್ತು ಜನರನ್ನು ನೋಡಿ. ಹತ್ತೂ ಬೇರೆ ಬೇರೆ.

ಒಬ್ಬರ ಮೇಲೊಬ್ಬರು ಸೂಜಿ ಮಾತ್ರ ಹಾಕಬೇಡಿ. ಹಾಗೆ ಮಾಡಿದವರ ಕಥೆ ನಮ್ಮ ವಿದ್ಯೆಯ ಶುರುವಿನಲ್ಲೇ ಇದೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬೀರ್ ಬೆನ್ನಿನ ಅರಿವಳಿಕೆ ಪರೀಕ್ಷಿಸಲು ತನ್ನ ಸಹಾಯಕ ಹಿಲ್ಡೆಬ್ರಾಂಟ್ ಕೈಯಲ್ಲಿ ತನಗೇ ಚುಚ್ಚಿಸಿಕೊಂಡರು. ಸೂಜಿ ಒಳಗೆ ಹೋದ ಮೇಲೆ ನೋಡಿದರೆ ಸಿರಿಂಜ್ ಅದಕ್ಕೆ ಕೂರಲಿಲ್ಲ! ಬೆನ್ನಿನ ನೀರು ಹರಿದು ಹೋಯಿತು. ಆಮೇಲೆ ಬೀರ್ ಸಹಾಯಕನಿಗೆ ಚುಚ್ಚಿದರು, ಅದು ಫಲಿಸಿತು. ಇಬ್ಬರೂ ತಲೆನೋವಿನಿಂದ ನರಳಿದರು, ಬೀರ್ ದಿನಗಟ್ಟಲೆ ಹಾಸಿಗೆ ಹಿಡಿದರು. ಸಿರಿಂಜ್ ಸೂಜಿಗೆ ಕೂರುತ್ತದೋ ಇಲ್ಲವೋ ಅನ್ನೋದನ್ನು ಟೇಬಲ್ ಮೇಲೇ ನೋಡಬಹುದಿತ್ತು. ಸಿಮ್ಯುಲೇಷನ್ ಅಂದರೆ ನನ್ನ ಪಾಲಿಗೆ ಅದೇ. ಟೇಬಲ್ ಮೇಲೆ ಗೊತ್ತಾಗಬಹುದಾದ ತಪ್ಪು ಬೆನ್ನಿನೊಳಗೆ ಗೊತ್ತಾಗಬಾರದು.

ಇಷ್ಟು ಹೊತ್ತು ಕೈಯ ಮಾತಾಯಿತು. ಇನ್ನೊಂದು ಅಭ್ಯಾಸ ಇದೆ, ಅದನ್ನು ಹೆಚ್ಚಿನವರು ಮರೆಯುತ್ತಾರೆ. ನನ್ನ ಪ್ರಕಾರ ಕೊಡಗಿನಂಥ ಕಡೆ ಅದೇ ಹೆಚ್ಚು ಮುಖ್ಯ. ಕೆಟ್ಟದ್ದು ಆದಾಗ ಏನು ಮಾಡೋದು?

ಮರಗಟ್ಟುವ ಮದ್ದು ಜಾಸ್ತಿ ಆದರೆ, ಅಥವಾ ರಕ್ತನಾಳದ ಒಳಗೆ ಹೋದರೆ, ರೋಗಿ ಮೊದಲು ‘ಬಾಯೆಲ್ಲ ಒಂಥರಾ ಆಗ್ತಿದೆ, ಕಿವಿ ಗುಂಯ್ ಅಂತಿದೆ’ ಅನ್ನಬಹುದು. ಗಾಬರಿ, ತೊದಲು, ಆಮೇಲೆ ಫಿಟ್ಸ್. ಕೊನೆಗೆ ಹೃದಯದ ಬಡಿತವೇ ತಪ್ಪಬಹುದು. ಕೆಲವರಲ್ಲಿ ಮುನ್ಸೂಚನೆಯೇ ಇರಲ್ಲ. ಮರಗಟ್ಟಿಸಲು ಬಳಸುವ ಬುಪಿವಕೇನ್ ಹೀಗೆ ಹೃದಯ ನಿಲ್ಲಿಸಬಹುದು ಅಂತ 1979ರಲ್ಲೇ ಎಚ್ಚರಿಕೆ ಬಂದಿತ್ತು. ಅದಕ್ಕೆ ಪರಿಹಾರ ಸಿಕ್ಕಿದ್ದು ತಡವಾಗಿ. ಲಿಪಿಡ್ ಎಮಲ್ಷನ್ (ಕೊಬ್ಬು ಬೆರೆತ ಬಿಳಿ ದ್ರವ) ಕೊಟ್ಟರೆ ಇಲಿಗಳು ಉಳಿಯುತ್ತವೆ ಅಂತ 1998ರಲ್ಲಿ ಗೊತ್ತಾಯಿತು. ಮನುಷ್ಯರೊಬ್ಬರನ್ನು ಹಾಗೆ ಉಳಿಸಿದ ಮೊದಲ ವರದಿ 2006ರದ್ದು.

ಇದನ್ನು ಓದಿದ್ದೀರಿ, ಪರೀಕ್ಷೆಯಲ್ಲಿ ಬರೆಯುತ್ತೀರಿ. ಈಗ ಒಂದು ಕೆಲಸ ಮಾಡಿ. ಓಟಿಯಲ್ಲಿ ಒಂದು ಸಂಜೆ ನರ್ಸ್ ಒಬ್ಬರನ್ನು ರೋಗಿಯಾಗಿ ಮಲಗಿಸಿ. ಬ್ಲಾಕ್ ಕೊಟ್ಟ ಹಾಗೆ ನಟಿಸಿ. ಅವರು ‘ಕಿವಿ ಗುಂಯ್ ಅಂತಿದೆ’ ಅನ್ನಲಿ. ಅಲ್ಲಿಂದ ಗಡಿಯಾರ ನೋಡಿ, ಲಿಪಿಡ್ ಬಾಟಲಿ ಕೈಗೆ ಬರಲು ಎಷ್ಟು ಹೊತ್ತಾಯಿತು ಅಂತ. ನಾನು ಒಂದು ಆಸ್ಪತ್ರೆಯಲ್ಲಿ ಮಾಡಿಸಿದಾಗ ಬಾಟಲಿ ಇತ್ತು, ಆದರೆ ಕಪಾಟಿಗೆ ಬೀಗ ಇತ್ತು. ಬೀಗದ ಕೈ ಇದ್ದ ಸಿಸ್ಟರ್ ಡ್ಯೂಟಿ ಮುಗಿಸಿ ಬಸ್ ಹತ್ತಿದ್ದರು. ನಾವೆಲ್ಲ ಮುಖಮುಖ ನೋಡಿಕೊಂಡೆವು. ಮಾರನೇ ದಿನವೇ ಬಾಟಲಿ ಓಟಿಯ ಟ್ರಾಲಿಗೆ ಬಂತು. ಅದರ ಮೇಲೆ ಡೋಸ್ ಬರೆದ ಹಾಳೆಯನ್ನೂ ಅಂಟಿಸಿದೆವು. ಯಾವ ಪುಸ್ತಕವೂ ಆ ಬೀಗವನ್ನು ತೋರಿಸುತ್ತಿರಲಿಲ್ಲ.

ಆ ಹಾಳೆಯಲ್ಲಿ ಲೆಕ್ಕ ಮಾಡಿಯೇ ಬರೆದಿರಿ. 50 ಕೆಜಿಯವರಿಗೆ 20 ಪರ್ಸೆಂಟ್ ಲಿಪಿಡ್ ಮೊದಲು ಕೆಜಿಗೆ ಒಂದೂವರೆ ಎಂಎಲ್, ಅಂದರೆ 75 ಎಂಎಲ್, ಎರಡು ಮೂರು ನಿಮಿಷದಲ್ಲಿ. ಆಮೇಲೆ ನಿಮಿಷಕ್ಕೆ ಕೆಜಿಗೆ ಕಾಲು ಎಂಎಲ್, ಅಂದರೆ ಹನ್ನೆರಡೂವರೆ ಎಂಎಲ್. ಒಟ್ಟು ಕೆಜಿಗೆ ಸುಮಾರು 12 ಎಂಎಲ್ ದಾಟಬಾರದು. ಫಿಟ್ಸ್‌ಗೆ ಮಿಡಜೋಲಂ. ಹೃದಯ ನಿಂತರೆ ಎದೆ ಒತ್ತುವುದನ್ನು ಬಿಡಬೇಡಿ. ಅಡ್ರಿನಲಿನ್ ಎಂದಿನ ಒಂದು ಮಿಲಿಗ್ರಾಂ ಅಲ್ಲ, ಕೆಜಿಗೆ ಒಂದು ಮೈಕ್ರೋಗ್ರಾಂ ಒಳಗೆ. ನಿದ್ದೆ ಬರಿಸುವ ಪ್ರೊಪೊಫಾಲ್ ಕೂಡ ಬೆಳ್ಳಗಿದೆ ಅಂತ ಅದನ್ನು ಲಿಪಿಡ್ ಬದಲಿಗೆ ಕೊಡಬಾರದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಆಂಬುಲೆನ್ಸ್ ಬರುವ ಮುಂಚಿನ ಹತ್ತು ನಿಮಿಷ ಏನು ಮಾಡಿದಿರಿ ಅನ್ನೋದೇ ಆ ಜೀವವನ್ನು ಉಳಿಸುತ್ತದೆ.

ತೂಕದ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ತೋಟದ ಕೆಲಸದ ಹೆಂಗಸರಲ್ಲಿ ಎಷ್ಟೋ ಜನ 42, 45 ಕೆಜಿ ಇರುತ್ತಾರೆ. ಬುಪಿವಕೇನ್ ಕೆಜಿಗೆ 2 ಮಿಲಿಗ್ರಾಂ ಅಂತ ಹಿಡಿದರೆ 42 ಕೆಜಿಗೆ 84 ಮಿಲಿಗ್ರಾಂ. ಅರ್ಧ ಪರ್ಸೆಂಟ್ ಮದ್ದಿನಲ್ಲಿ ಅದು 17 ಎಂಎಲ್‌ಗೂ ಒಂದು ಚೂರು ಕಡಿಮೆ. ‘ಇಪ್ಪತ್ತು ತುಂಬಿಸಿ’ ಅನ್ನೋ ಅಭ್ಯಾಸ ಅವರಿಗೆ ಆಗಲೇ ಜಾಸ್ತಿ. ಅಭ್ಯಾಸದ ದಿನವೂ ಮೊದಲು ತೂಕ, ಆಮೇಲೆ ಲೆಕ್ಕ, ಆಮೇಲೆ ಸಿರಿಂಜ್.

ಅದೇ ನಾಟಕದಲ್ಲಿ ಇನ್ನೂ ಎರಡು ಸೇರಿಸಿ. ಯಾರಿಗೂ ಹೇಳದೆ ಬ್ಲಾಕ್ ಕೊಡಬೇಕಾದ ಕೈಯ ಗುರುತನ್ನು ತಪ್ಪು ಕೈಗೆ ಹಾಕಿಸಿ, ಸೂಜಿ ಹಾಕುವ ಮುಂಚೆ ಯಾರಾದರೂ ನಿಲ್ಲಿಸುತ್ತಾರಾ ನೋಡಿ. ಬ್ರಿಟನ್‌ನಲ್ಲಿ ಇದಕ್ಕೇ ಅಂತ, ಚುಚ್ಚುವ ಮೊದಲು ನಿಂತು ಬದಿ ನೋಡಿ ಅನ್ನುವ ಅಭಿಯಾನ ಮಾಡಿದರು. ಇನ್ನೊಂದು, ಮಾತು. ನಿಮ್ಮ ಮುಂದೆ ಮಲಗುವವರು ಯರವ ಮಾತಾಡುವವರಿರಬಹುದು, ಅರೆಭಾಷೆ, ಕೊಡವ ತಕ್ಕ್, ಮಲಯಾಳ, ತಮಿಳು, ಅಸ್ಸಾಂ ಕಡೆಯಿಂದ ತೋಟಕ್ಕೆ ಬಂದವರೂ ಇರಬಹುದು. ‘ಕಿವಿ ಗುಂಯ್ ಅಂದರೆ ಹೇಳಿ’ ಅನ್ನೋದನ್ನು ಅವರಿಗೆ ತಿಳಿಯುವ ಹಾಗೆ ಹೇಳಲು ನಿಮಗೆ ಬರುತ್ತದಾ? ಬರದಿದ್ದರೆ ಆಯಾಗಳನ್ನು ಕೇಳಿ ಒಂದೊಂದು ವಾಕ್ಯ ಕಲಿಯಿರಿ. ನಾನು ಹಾಗೇ ಕಲಿತೆ.

ಮಾಂಸ ಉಸಿರಾಡಲ್ಲ, ಹೆದರಲ್ಲ, ಕೈ ಎಳೆದುಕೊಳ್ಳಲ್ಲ. ಅದರ ಮೇಲೆ ಚೆನ್ನಾಗಿ ಮಾಡಿದ ಮೇಲೂ ಮೊದಲ ರೋಗಿಯ ಹತ್ತಿರ ಎದೆ ಡವಡವ ಅನ್ನುತ್ತದೆ. ಅನ್ನಲಿ. ಆದರೆ ಕೈಗೆ ದಾರಿ ಗೊತ್ತಿರುತ್ತದೆ, ಮನಸ್ಸು ರೋಗಿಯ ಕಡೆ ಇರಬಹುದು. ಮೊದಲ ಕೆಲವು ಬ್ಲಾಕ್‌ಗಳಿಗೆ ಕಂಕುಳಿನ ಬ್ಲಾಕ್ ಆರಿಸಿ. ಅಲ್ಲಿ ಶ್ವಾಸಕೋಶದ ಭಯ ಇಲ್ಲ, ರಕ್ತ ಬಂದರೆ ಒತ್ತಿ ಹಿಡಿಯಬಹುದು. ಕುತ್ತಿಗೆಯ ಬುಡ ಆಮೇಲೆ. ರೋಗಿಗೆ ನಿಜ ಹೇಳಿ. ‘ಅಕ್ಕ, ನಾನು ಇನ್ನೂ ಕಲಿಯುತ್ತಿದ್ದೇನೆ. ಬೇರೆ ಕಡೆ ಬೇಕಾದಷ್ಟು ಅಭ್ಯಾಸ ಮಾಡಿದ್ದೇನೆ. ನಮ್ಮ ಸರ್ ಪಕ್ಕದಲ್ಲೇ ಇರುತ್ತಾರೆ. ನಾನು ಮಾಡಬಹುದಾ?’ ಬೇಡ ಅಂದರೆ ಬೇಡ. ನನ್ನ ಅನುಭವದಲ್ಲಿ ಹೀಗೆ ಕೇಳಿದಾಗ ಬೇಡ ಅಂದವರು ಕಡಿಮೆ.

ನಿಮ್ಮ ಆ ರೋಗಿ ಹೊಲಿಗೆ ಬಿಚ್ಚಿಸಲು ಬರುತ್ತಾರಲ್ಲ, ಆ ದಿನ ಹೋಗಿ ಮಾತಾಡಿಸಿ. ಕೈ ಹೇಗಿದೆ, ಬೆರಳಲ್ಲಿ ಜೋಮು ಉಳಿದಿದೆಯಾ ಕೇಳಿ. ಬ್ಲಾಕ್ ಆದವರನ್ನು ಆಮೇಲೆ ಹೀಗೆ ವಿಚಾರಿಸೋದೂ ನಮ್ಮ ಕೆಲಸವೇ. ಅದಕ್ಕೂ ಮೊದಲು, ಈ ವಾರ ಯಂತ್ರ ಖಾಲಿ ಇರುವ ಒಂದು ಮಧ್ಯಾಹ್ನ ಕೇಳಿಕೊಂಡು, ಮಾಂಸದ ಅಂಗಡಿಗೆ ಹೇಳಿಬಿಡಿ.